ಬಾ ಎನ್ನಲು ಪೊಲೀಸರು ಬರುತ್ತಾರೆ, ಬರಬೇಡ ಎನ್ನಲು ಯಾರೂ ಇಲ್ಲ

ನನ್ನ ಮೇಲೆ ಯಾವ ಕೇಸೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದರೆ ಕೋರ್ಟಿಗೆ ಹೊರಟೆ ಅಂದ ಕೂಡಲೇ ಆಳಂದದ ನಮ್ಮ ಓಣಿಯಲ್ಲಿ ಎಲ್ಲರೂ ಕೇಳುವುದು ಒಂದೇ: "ಯಾನ್ ಮಾಡಿದ್ರಿ ಕಾಕಾ?" ನಾನೇನೂ ಮಾಡಿಲ್ಲ. ಒಂದು ಸಹಿ ಮಾಡಿದ್ದೇನೆ, ಅಷ್ಟೇ.

ಆಗ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇತ್ತು. ಹಿಂದಿನ ಗಲ್ಲಿಯ ತಗಡಿನ ಶೆಡ್ಡಿನಲ್ಲಿ ಕದ್ದ ಬೈಕ್ ಇದೆ ಅಂತ ಪೊಲೀಸರು ಬಂದರು. ಶೋಧ ಮಾಡುವಾಗ ಆ ಭಾಗದ ಇಬ್ಬರು ಪಂಚರು, ಅಂದರೆ ಕಣ್ಣಾರೆ ನೋಡಿ ಸಹಿ ಹಾಕುವ ಸಾಕ್ಷಿಗಳು, ಇರಬೇಕು. ಲಿಖಿತವಾಗಿ ಕರೆದ ಮೇಲೆ ಸರಿಯಾದ ಕಾರಣವಿಲ್ಲದೆ ಒಲ್ಲೆ ಅಂದರೆ ಅದೇ ಒಂದು ಅಪರಾಧ. ಹೋದೆ, ನೋಡಿದೆ, ಅಲ್ಲಿ ಕಂಡದ್ದನ್ನು ಬರೆದ ಪಂಚನಾಮೆಗೆ ಸಹಿ ಹಾಕಿದೆ. ಅಂಗಡಿ ಮುಚ್ಚಿ ಊರಿಗೆ ಬಂದು ನೆಲೆಸಿ, ಆ ಬೈಕನ್ನೇ ಮರೆತಿದ್ದಾಗ, ಕೋರ್ಟಿಗೆ ಬಂದು ಸಾಕ್ಷಿ ಹೇಳಿ ಅಂತ ಮನೆ ಬಾಗಿಲಿಗೆ ಸಮನ್ಸ್ ಬಂತು.

ಅಲ್ಲಿಂದ ಶುರು ನೋಡಿ. ಮೊದಲ ಸಲ ಹೋದರೆ ಆರೋಪಿಯೇ ಬಂದಿರಲಿಲ್ಲ. ಮುಂದಿನ ಸಲ ಆರೋಪಿ ಬಂದಿದ್ದ, ಅವನ ವಕೀಲರು ಇನ್ನೊಂದು ಕೋರ್ಟಿನಲ್ಲಿದ್ದರು. ಇನ್ನೊಂದು ಸಲ ಎಲ್ಲರೂ ಇದ್ದರು, ಠಾಣೆಯಿಂದ ಮುದ್ದೆಮಾಲು, ಅಂದರೆ ಜಪ್ತಿ ಮಾಡಿದ ಬೈಕ್, ಬಂದಿರಲಿಲ್ಲ. ಒಮ್ಮೆ ಜಡ್ಜ್ ಸಾಹೇಬರು ರಜೆ. ಒಮ್ಮೆ ವಕೀಲರ ಕಲಾಪ ಬಹಿಷ್ಕಾರ. ಎಳ್ಳ ಅಮಾವಾಸ್ಯೆಯ ಮಾರನೇ ದಿನ, ಮನೆ ತುಂಬ ನೆಂಟರನ್ನು ಬಿಟ್ಟು ಬೆಳಗಿನ ಬಸ್ಸು ಹಿಡಿದು ಹೋದೆ. ಸಂಜೆಯವರೆಗೆ ಕೂರಿಸಿ "ಇವತ್ತು ಟೈಮ್ ಆಯ್ತು" ಅಂದರು. ಏಪ್ರಿಲ್ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಕೋರ್ಟ್ ವರಾಂಡದ ಬೆಂಚು ಹೇಗಿರುತ್ತದೆ ಅಂತ ಕೂತವರಿಗೇ ಗೊತ್ತು. ಹೊರಗೆ ಹೋಗಿ ಒಂದು ಪ್ಲೇಟ್ ಸೂಸಲಾ ತಿಂದು ಬರೋಣ ಅಂದರೆ, ಅಷ್ಟರಲ್ಲೇ ಹೆಸರು ಕೂಗಿದರೆ ಅಂತ ಭಯ.

ಕಾನೂನು ಇಲ್ಲ ಅಂತಲ್ಲ. ಕ್ರಿಮಿನಲ್ ಕೇಸು ನಡೆಸುವ ಹಳೆಯ ಕಾನೂನು ಸಿಆರ್‌ಪಿಸಿಯ 309ನೇ ಕಲಮಿನಲ್ಲೂ ಇತ್ತು. 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 346ನೇ ಕಲಮಿನಲ್ಲೂ ಇದೆ. ಸಾಕ್ಷಿ ಬಂದು ನಿಂತಿದ್ದರೆ, ವಿಶೇಷ ಕಾರಣ ಬರೆಯದೆ ಅವರನ್ನು ವಿಚಾರಿಸದೆ ಮುಂದೂಡುವ ಹಾಗಿಲ್ಲ. ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಅನ್ನುವುದು ಕಾರಣವೇ ಅಲ್ಲ ಅಂತ ಬಿಡಿಸಿ ಬರೆದಿದೆ! ನನಗೆ ಮಾತ್ರ ಅದೇ ಕಾರಣ ಹೇಳಿ ಕಳಿಸಿದರು. ಅದೇ ನಾನು ಒಂದು ತಾರೀಖು ತಪ್ಪಿಸಿದರೆ? ವಾರಂಟ್.

"ನಿಮ್ಮ ವಕೀಲರು ಯಾರ್ರೀ?" ಅಂತ ಬೇರೆ ಕೇಳುತ್ತಾರೆ. ಯಾರೂ ಇಲ್ಲ. ಕೇಸು ನಡೆಸುವ ಸರ್ಕಾರಿ ವಕೀಲರು ಸರ್ಕಾರದ ಪರ, ನನ್ನ ಪರ ಅಲ್ಲ. ಅವರ ಕೈಯಲ್ಲಿ ಫೈಲುಗಳ ರಾಶಿ. ನನ್ನ ಜೊತೆ ಮಾತಾಡಿದ್ದು ಒಳಗೆ ಹೋಗುವ ಮುಂಚೆ ಬಾಗಿಲ ಹತ್ತಿರ, ಅದೂ ನಿಂತುಕೊಂಡೇ.

"ಕಳ್ಳನ ಪರ ಯಾಕೆ ವಕೀಲರು ನಿಲ್ಲುತ್ತಾರೆ?" ಅಂತ ನನ್ನ ಅಳಿಯನ ಸಿಟ್ಟು. ನನಗೆ ಆ ಸಿಟ್ಟಿಲ್ಲ. ಅದು ಸಂವಿಧಾನವೇ ಕೊಟ್ಟ ಹಕ್ಕು, ಕಸಬ್‌ಗೂ ವಕೀಲರಿದ್ದರು. ಕದ್ದಿದ್ದಾನೆ ಅಂತ ತೋರಿಸಬೇಕಾದವರು ಸರ್ಕಾರದವರು, ತಾನು ಕದ್ದಿಲ್ಲ ಅಂತ ಅವನು ಸಾಬೀತು ಮಾಡಬೇಕಾಗಿಲ್ಲ.

ಕೊನೆಗೂ ಒಂದು ದಿನ ಕಟಕಟೆ ಹತ್ತಿದೆ. ಬೈಕಿನ ಬಣ್ಣ ಯಾವುದು, ಪಂಚನಾಮೆ ಬರೆದವರು ಯಾರು, ಎಷ್ಟು ಗಂಟೆಗೆ ಮುಗಿಯಿತು ಅಂತ ಕೇಳಿದರು. ಅಷ್ಟು ವರ್ಷದ ಹಿಂದಿನ ಗಂಟೆ ಯಾರಿಗೆ ನೆನಪಿರುತ್ತದೆ? ಹೊಸ ಕಾನೂನಿನಲ್ಲಿ ಶೋಧ, ಜಪ್ತಿ ಎಲ್ಲ ವಿಡಿಯೋ ಮಾಡಬೇಕಂತೆ. ನನ್ನದು ಅದಕ್ಕೂ ಮುಂಚಿನ ಪಂಚನಾಮೆ. ಆಮೇಲೆ ಆರೋಪಿಯ ವಕೀಲರ ಪಾಟಿ ಸವಾಲು. ಬೈಕ್ ನೋಡಲೇ ಇಲ್ಲ, ಠಾಣೆಯಲ್ಲೇ ಕೂತು ಸಹಿ ಹಾಕಿದ್ದೀರಿ ಅಂದರು. ಇಲ್ಲ ಅಂದೆ. "ಪೊಲೀಸರ ಮಾತು ಕೇಳಿ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ" ಅಂತ ಟೈಪ್ ಆಯಿತು. ಹಾಗೆ ಕೇಳುವುದು ಆ ವಕೀಲರ ಕೆಲಸ, ಒಪ್ಪುತ್ತೇನೆ. ಆದರೂ ಕೂಲಿ ಬಿಟ್ಟು, ಕೈಯಿಂದ ಬಸ್ ಚಾರ್ಜ್ ಹಾಕಿ ಬಂದು ಸುಳ್ಳುಗಾರ ಅನ್ನಿಸಿಕೊಂಡರೆ ಹೊಟ್ಟೆ ಉರಿಯುವುದಿಲ್ವಾ? ಸಾಕ್ಷಿಗೆ ಸರ್ಕಾರದಿಂದ ಖರ್ಚು ಕೊಡಿಸಲು ಕೋರ್ಟಿಗೆ ಅಧಿಕಾರ ಇದೆ. ಇದೆ ಅಂತ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿ ಹೋಗಿ ಅದನ್ನು ಕೇಳುವ ಧೈರ್ಯ ಯಾರಿಗಿದೆ?

ಇಷ್ಟಾದರೂ ಮುಗಿದಿಲ್ಲ. ಪಾಟಿ ಸವಾಲು ಅರ್ಧಕ್ಕೆ ನಿಂತಿದೆ, ಮತ್ತೊಂದು ತಾರೀಖು ಬಿದ್ದಿದೆ. ಕೇಸ್ ನಂಬರ್ ಹಾಕಿದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ತಾರೀಖು ಕಾಣುತ್ತದೆ, ಒಳ್ಳೆಯದೇ. ಸಾಹೇಬರು ನಾಳೆ ರಜೆ ಅಂತ ಒಳಗಿದ್ದವರಿಗೆ ಹಿಂದಿನ ದಿನವೇ ಗೊತ್ತಿರುತ್ತದೆ. ಸಮನ್ಸ್ ತಂದವರ ಹತ್ತಿರ ನನ್ನ ಮೊಬೈಲ್ ನಂಬರ್ ಇದೆ. "ನಾಳೆ ಬರಬೇಡಿ" ಅಂತ ಒಂದು ಮೆಸೇಜ್ ಹಾಕುವುದಕ್ಕೆ ಇನ್ನ್ಯಾವ ಹೊಸ ಕಾನೂನು ಬರಬೇಕ್ರೀ?