ಮುದ್ದೆ ತಿರುವುವ ಮುಂಚೆ ಮೀಟರ್ ನೋಡಿ

ಗ್ಯಾಸ್ ಬಿಟ್ಟು ಪೂರ್ತಿ ಕರೆಂಟಿಗೆ ಹೋಗೋಣ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿ ಎಂಟು ತಿಂಗಳಾಯಿತು. ತೀರ್ಮಾನವೂ ಹಾಗೇ ಇದೆ, ಸಿಲಿಂಡರೂ ಹಾಗೇ ಇದೆ. ಮಧ್ಯದಲ್ಲಿ ಒಂದು ಇಂಡಕ್ಷನ್ ಸ್ಟೌ, ಒಂದು ಗೀಸರ್, ಒಂದು ಎಲೆಕ್ಟ್ರಿಕ್ ಸ್ಕೂಟರ್ ಬಂದು ಕೂತಿವೆ.

ಐಡಿಯಾ ನನ್ನದೇ. ತುಮಕೂರಿನಲ್ಲಿ ಕೂತು ಕರೆಂಟಿಗೆ ಹೆದರುವುದೇನು? ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆ ತುಂಬ ಸೋಲಾರ್ ಹಲಗೆಗಳು, 2,050 ಮೆಗಾವ್ಯಾಟ್. ಮಳೆ ಬಾರದ ಹೊಲಗಳನ್ನು ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಬಿಸಿಲಿಗೂ ಬಾಡಿಗೆ ಬರುವ ಜಿಲ್ಲೆ ನಮ್ಮದು ಎಂದು ಭಾಷಣ ಬಿಗಿದೆ.

"ಬಿಸಿಲು ನಿಮ್ಮದೇ ರೀ, ಬೇಡ ಅಂದೋರ್ಯಾರು? ರಾತ್ರಿ ಎಂಟಕ್ಕೆ ಮುದ್ದೆ ಮಾಡುವಾಗ ಅದು ಎಲ್ಲಿರುತ್ತೆ ಹೇಳಿ" ಎಂದಳು ನನ್ನ ಹೆಂಡತಿ. ಆ ಪ್ರಶ್ನೆಯನ್ನು ಮುಂದಿನ ಸಭೆಗೆ ಹಾಕಿದೆ.

ಮೊದಲು ಎಲೆಕ್ಟ್ರಿಷಿಯನ್ ಬಂದರು. ಬೋರ್ಡ್ ಬಿಚ್ಚಿ ಒಳಗೆ ಟಾರ್ಚ್ ಹಾಕಿ, ಯಾರೋ ತೀರಿಕೊಂಡ ಮನೆಯಲ್ಲಿ ನಿಂತವರ ಹಾಗೆ ನಿಂತರು. "ಸಾರ್, ಸ್ಟೌ 2,000 ವ್ಯಾಟು, ಗೀಸರ್ 2,000 ವ್ಯಾಟು. ನಿಮ್ಮ ಲೋಡ್ ಇರೋದೇ ಎರಡು ಕಿಲೋವ್ಯಾಟ್. ಎರಡೂ ಒಟ್ಟಿಗೆ ಹಾಕಬೇಡಿ." ಊರು 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ನಮ್ಮ ವೈರಿಂಗಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಹಾಗಾಗಿ ಈಗ ನಾನು ಸ್ನಾನಕ್ಕೆ ಹೋದರೆ ಉಪ್ಪಿಟ್ಟು ಇಲ್ಲ, ಉಪ್ಪಿಟ್ಟು ಆಗುತ್ತಿದ್ದರೆ ಸ್ನಾನ ಇಲ್ಲ. ಲೋಡ್ ಶೆಡ್ಡಿಂಗ್ ಪೂರ್ತಿ ಸ್ವದೇಶಿ.

ಆಮೇಲೆ ಪಾತ್ರೆಗಳ ಪರೀಕ್ಷೆ. ಇಂಡಕ್ಷನ್ನಿಗೆ ಮ್ಯಾಗ್ನೆಟ್ ಅಂಟುವ ತಳ ಬೇಕು. ಮಗಳು ಫ್ರಿಜ್ಜಿನ ಮೇಲಿದ್ದ ಗಿಳಿ ಮ್ಯಾಗ್ನೆಟ್ ಕಿತ್ತುಕೊಂಡು ಪಾತ್ರೆಪಾತ್ರೆಗೂ ಹಿಡಿದಳು. ದೋಸೆ ಹೆಂಚಿಗೆ ಗಿಳಿ ಪಟ್ ಎಂದು ಕೂತಿತು. ಅಮ್ಮನ ಅಲ್ಯೂಮಿನಿಯಂ ಮುದ್ದೆ ಪಾತ್ರೆಯಿಂದ ಜಾರಿ ಬಿತ್ತು. ಹಿತ್ತಾಳೆ ಪಾತ್ರೆಯಿಂದಲೂ ಬಿತ್ತು. ಮೂವತ್ತು ವರ್ಷ ಸಂಸಾರ ಸಾಕಿದ ಪಾತ್ರೆಗಳನ್ನು ಒಂದು ಪ್ಲಾಸ್ಟಿಕ್ ಗಿಳಿ ಫೇಲ್ ಮಾಡಿತು.

ಹೊಸ ಪಾತ್ರೆ ತಂದೆವು. ಎಸರು ಬೇಗ ಬಂತು, ಅದನ್ನು ಒಪ್ಪಲೇಬೇಕು. ಆದರೆ ಮುದ್ದೆ ತಿರುವುವುದು ಎಂದರೆ ಟೀ ಕಲಸಿದ ಹಾಗಲ್ಲ. ಅಮ್ಮ ಪಾತ್ರೆಯನ್ನು ಕೆಳಗಿಳಿಸಿ, ಎರಡು ಪಾದದ ನಡುವೆ ಅದುಮಿ, ಕೋಲು ಹಿಡಿದು ಗಂಟಿಲ್ಲದ ಹಾಗೆ ತಿರುವಿ, ಮತ್ತೆ ಒಲೆಗಿಟ್ಟು ಬೇಯಿಸುತ್ತಾಳೆ. ಪಾತ್ರೆ ಎತ್ತಿದ್ದೇ ತಡ, ಸ್ಟೌ ಕುಯ್ ಕುಯ್ ಅಂತ ಶುರುಮಾಡಿ ತಾನೇ ಆಫ್ ಆಯಿತು. "ಇದೇನೋ ಇದು, ಎದ್ದು ಬಚ್ಚಲಿಗೆ ಹೋದರೂ ಅಳೋ ಕೂಸಿನ ಥರ" ಎಂದಳು ಅಮ್ಮ. ಮೇಲಿಟ್ಟುಕೊಂಡೇ ತಿರುವೋಣ ಎಂದರೆ ಗಾಜಿನ ಹಲಗೆ. ಆ ತೋಳಿಗೆ ಅದು ತಡೆಯುತ್ತದೆಯೇ? ಅಮ್ಮ ಸದ್ದಿಲ್ಲದೆ ಸಿಲಿಂಡರ್ ವಾಲ್ವ್ ತಿರುಗಿಸಿದಳು.

ಇದೆಲ್ಲ ಸಣ್ಣದು. ನಿಜವಾದ ತಮಾಷೆ ಬಿಲ್ಲಿನಲ್ಲಿದೆ.

ರಾಜ್ಯದವರ ಗೃಹಜ್ಯೋತಿಯಲ್ಲಿ 200 ಯೂನಿಟ್ ಫ್ರೀ ಎನ್ನುತ್ತಾರಲ್ಲ, ಎಲ್ಲರಿಗೂ 200 ಅಲ್ಲ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರೋ ಅಷ್ಟು, ಅದರ ಮೇಲೆ ಶೇಕಡ 10. ನಮ್ಮ ಸರಾಸರಿ 62, ನಮ್ಮ ಪಾಲು 68. ಆ ವರ್ಷ ನಾವು ಸೌದೆಯಲ್ಲಿ ನೀರು ಕಾಯಿಸಿ, ರೂಮಿನಿಂದ ಹೊರಗೆ ಬಂದವರನ್ನೆಲ್ಲ ವಾಪಸ್ ಕಳಿಸಿ ಫ್ಯಾನ್ ಆಫ್ ಮಾಡಿಸುತ್ತಿದ್ದೆವು. ಎದುರು ಮನೆಯವರು ಏಸಿ ಹಾಕಿಕೊಂಡು, ಮೇಲೆ ರಗ್ಗು ಹೊದ್ದು ಮಲಗಿ, 170 ಉರಿಸಿದ್ದರು. ಅವರಿಗೆ ಈಗ 187. ಉಳಿತಾಯ ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತ ಇಲ್ಲವೇ ಇಲ್ಲ. ಮುಂದೆ ಇಂಥ ಸ್ಕೀಮ್ ಬರುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಬಚ್ಚಲಲ್ಲೂ ಟ್ಯೂಬ್‌ಲೈಟ್ ಹಾಕಿಕೊಂಡೇ ಮಲಗುತ್ತಿದ್ದೆ.

ಈಗ ಹೊಸ ಲೆಕ್ಕ. ಹಳೆಯದು 62, ಸ್ಟೌ ದಿನಕ್ಕೆ ಎರಡರ ಹಾಗೆ 60, ಗೀಸರ್ 45, ಸ್ಕೂಟರ್ 30. ಒಟ್ಟು 197. ಫ್ರೀ 68 ಕಳೆದು 129ಕ್ಕೆ ದುಡ್ಡು. ಸರಿ, ಕಟ್ಟೋಣ. ಆದರೆ 200 ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಬಿಲ್. ಅಂದರೆ 200ರ ತನಕ 132ಕ್ಕೆ ಕಟ್ಟುವವನು, 201ಕ್ಕೆ ಕಾಲಿಟ್ಟ ಕೂಡಲೇ 201ಕ್ಕೂ ಕಟ್ಟಬೇಕು. ಆ ಒಂದು ಯೂನಿಟ್ಟಿನ ಬೆಲೆ 69 ಯೂನಿಟ್ಟು! ನಾಲ್ಕು ದೋಸೆ ಜಾಸ್ತಿ ಹುಯ್ದರೆ ಮುಗಿಯಿತು.

ಹಾಗಾದರೆ ಸೂರಿನ ಮೇಲೆ ಸೋಲಾರ್ ಹಾಕಿಸು ಎಂದರು ಗೆಳೆಯರು. ಕೇಂದ್ರದವರು 2024ರಲ್ಲಿ ಸೂರ್ಯಘರ್ ತಂದಿದ್ದಾರೆ, ಮೂರು ಕಿಲೋವ್ಯಾಟಿಗೆ 78,000 ಸಬ್ಸಿಡಿ, 300 ಯೂನಿಟ್ ಫ್ರೀ ಎಂಬ ಜಾಹೀರಾತು. ಒಬ್ಬರು ಸೂರು ಕೊಡು, ಮಿಕ್ಕ ದುಡ್ಡು ಹಾಕು, 300 ಕೊಡ್ತೀನಿ ಅಂತಾರೆ. ಇನ್ನೊಬ್ಬರು ಏನೂ ಮಾಡಬೇಡ, ಸುಮ್ನೆ ಕೂತಿರು, 200ರ ತನಕ ಕೊಡ್ತೀನಿ ಅಂತಾರೆ. ಸುಮ್ನೆ ಕೂರುವ ವಿಷಯದಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ? ಸಾಲದ್ದಕ್ಕೆ, ಬ್ಯಾಟರಿ ಇಲ್ಲದ ಮಾಮೂಲಿ ಸೋಲಾರು ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದಂತೆ, ಕಂಬದ ಮೇಲಿರುವ ಲೈನ್‌ಮನ್‌ಗೆ ಹೊಡೆಯಬಾರದಲ್ವಾ. ಅದು ನ್ಯಾಯವೇ. ಆದರೆ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟ ದಿನ, ನೆತ್ತಿ ಸುಡುವ ಬಿಸಿಲಲ್ಲಿ, ಮೂರು ಕಿಲೋವ್ಯಾಟಿನ ಹಲಗೆಯ ನೆರಳಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುವುದನ್ನು ನೆನೆಸಿಕೊಳ್ಳಿ. ಅಮ್ಮನದು ಬೇರೆ ತಕರಾರು, ಸಂಡಿಗೆ ಎಲ್ಲಿ ಒಣಗಿಸಲಿ?

ನಿನ್ನೆ ಸೋದರಮಾವ ಮಧುಗಿರಿಯಿಂದ ಫೋನ್ ಮಾಡಿ, ನಾಲ್ಕು ದಿನ ಇದ್ದು ಹೋಗೋಣ ಅಂತಿದೀನಿ, ಯಾವಾಗ ಬರಲಪ್ಪಾ ಎಂದರು. ಫೋನ್ ಹಿಡಿದುಕೊಂಡೇ ಹೊರಗೆ ಹೋಗಿ ಮೀಟರ್ ನೋಡಿದೆ. 191.

"ಎಂಟನೇ ತಾರೀಕು ರೀಡಿಂಗ್, ಒಂಬತ್ತಕ್ಕೆ ಬನ್ನಿ ಮಾವ" ಎಂದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಆಯ್ತು ಬಿಡು" ಎಂದರು ಕೊನೆಗೆ, "ಸ್ನಾನ ಮಾಡ್ಕೊಂಡೇ ಬರ್ತೀನಿ."