ಬೆಸ್ಸೋ ಮನೆಯವರಿಗೆ ಬರೆದ ಪತ್ರ

"ಕಾಲ ಅನ್ನೋದೇ ಭ್ರಮೆ, ಐನ್‌ಸ್ಟೈನ್ ಅವರೇ ಹೇಳಿದ್ದಾರೆ" ಅಂತ ಆಗಾಗ ಯಾರಾದರೂ ಹಂಚಿಕೊಳ್ಳುತ್ತಾರೆ. ಅಣ್ಣ ತೀರಿಕೊಂಡ ವಾರ ಗೆಳೆಯನೊಬ್ಬ ನನಗೂ ಇದೇ ಸಾಲು ಕಳಿಸಿದ್ದ. ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದು. ಆಗ ಅಣ್ಣನ ಕೈಗಡಿಯಾರ ನನ್ನ ಅಂಗೈಯಲ್ಲಿತ್ತು. ಸೆಕೆಂಡಿನ ಮುಳ್ಳು ಇನ್ನೂ ಓಡುತ್ತಿತ್ತು. ಇದು ಭ್ರಮೆ ಅಂತ ಒಪ್ಪಿಕೊಳ್ಳೋಕೆ ನನಗೆ ಆಗಲಿಲ್ಲ.

ಆಮೇಲೆ ಹುಡುಕಿ ನೋಡಿದೆ. ಆ ಸಾಲು ಯಾವುದೋ ವಿಜ್ಞಾನ ಪ್ರಬಂಧದಲ್ಲಿ ಬಂದದ್ದಲ್ಲ. ಮಿಕೆಲೆ ಬೆಸ್ಸೋ ಐನ್‌ಸ್ಟೈನ್‌ಗೆ ಹರೆಯದಿಂದಲೂ ಗೆಳೆಯ. ಬರ್ನ್‌ನ ಪೇಟೆಂಟ್ ಕಚೇರಿಯಲ್ಲಿ ಇಬ್ಬರೂ ಜೊತೆಗೆ ಕೆಲಸ ಮಾಡಿದವರು. 1905ರ ಸಾಪೇಕ್ಷತಾ ಪ್ರಬಂಧದ ಕೊನೆಯಲ್ಲಿ ಐನ್‌ಸ್ಟೈನ್ ಹೆಸರು ಹಿಡಿದು ನೆನೆದದ್ದು ಈ ಬೆಸ್ಸೋನನ್ನು. 1955ರ ಮಾರ್ಚ್‌ನಲ್ಲಿ ಅವನು ತೀರಿಕೊಂಡಾಗ ಮನೆಯವರಿಗೆ ಸಮಾಧಾನ ಹೇಳಿ ಬರೆದ ಪತ್ರದ ಮಾತು ಅದು. ಹಿಂದು, ಇಂದು, ಮುಂದು ಎಂಬ ಭೇದ ಬಿಡದೆ ಅಂಟಿಕೊಂಡ ಭ್ರಮೆ ಅಂತ ಬರೆದರು. ದುಃಖದಲ್ಲಿರುವವರಿಗೆ ಹೇಳಿದ ಮಾತನ್ನು ಭೌತಶಾಸ್ತ್ರದ ತೀರ್ಪು ಅಂತ ಓದುವುದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ.

ಹಾಗಾದರೆ ಭೌತಶಾಸ್ತ್ರ ಏನು ಹೇಳುತ್ತದೆ? ಇಡೀ ವಿಶ್ವಕ್ಕೆ ಒಂದೇ ‘ಈಗ’ ಇಲ್ಲ ಅನ್ನುತ್ತದೆ ಐನ್‌ಸ್ಟೈನ್‌ರ ಸಾಪೇಕ್ಷತಾ ಸಿದ್ಧಾಂತ. ಎಲ್ಲೆಡೆ ಒಂದೇ ವೇಗದಲ್ಲಿ ಓಡುವ ಗಡಿಯಾರವೂ ಇಲ್ಲ. 2010ರಲ್ಲಿ ಅಮೆರಿಕದ ಅಳತೆ-ಮಾನಕಗಳ ಸಂಸ್ಥೆ ಎನ್‌ಐಎಸ್‌ಟಿಯ ಪ್ರಯೋಗಾಲಯದಲ್ಲಿ ಎರಡು ಪರಮಾಣು ಗಡಿಯಾರಗಳಲ್ಲಿ ಒಂದನ್ನು ಸುಮಾರು 33 ಸೆಂಟಿಮೀಟರ್ ಮೇಲಕ್ಕೆ ಎತ್ತಿದರು. ಅಷ್ಟೇ! ಭೂಮಿಯ ಗುರುತ್ವದಿಂದ ತುಸು ದೂರ ಹೋದದ್ದಕ್ಕೇ ಮೇಲಿನದು ಕೆಳಗಿನದಕ್ಕಿಂತ ಚೂರು ಬೇಗ ಓಡಿತು. ನಿಂತ ಮನುಷ್ಯನ ತಲೆಗೆ ಪಾದಕ್ಕಿಂತ ವಯಸ್ಸು ಬೇಗ ಆಗುತ್ತದೆ ಅಂದ ಹಾಗಾಯಿತು ಅಲ್ವಾ? ಲೆಕ್ಕಕ್ಕೆ ಸಿಗದಷ್ಟು ಚಿಕ್ಕ ವ್ಯತ್ಯಾಸ ಅನ್ನಿಸಬಹುದು. ಆದರೆ ಜಿಪಿಎಸ್ ಉಪಗ್ರಹದಲ್ಲಿ, ಅದರ ವೇಗದ ಪರಿಣಾಮವನ್ನೂ ಲೆಕ್ಕಕ್ಕೆ ತಗೊಂಡರೆ, ಗಡಿಯಾರದ ವ್ಯತ್ಯಾಸ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್. ಸರಿಪಡಿಸದೆ ಬಿಟ್ಟರೆ ಮ್ಯಾಪ್ ದಿಕ್ಕು ತಪ್ಪಿಸುತ್ತದೆ.

ಇದರಿಂದ ಎಲ್ಲರಿಗೂ ಒಂದೇ ಆದ ‘ಈಗ’ ಹೋಯಿತು, ನಿಜ. ಆದರೆ ಕಾರಣ ಮೊದಲು, ಪರಿಣಾಮ ಆಮೇಲೆ ಅನ್ನುವ ಕ್ರಮ ಹೋಗಿಲ್ಲ. ಯಾವ ವೇಗದಲ್ಲಿ ಹೋಗುವವನು ನೋಡಿದರೂ ಅದು ತಲೆಕೆಳಗಾಗುವುದಿಲ್ಲ. ಇದನ್ನು ಕೊಟ್ಟಿರುವುದೂ ಅದೇ ಸಾಪೇಕ್ಷತಾ ಸಿದ್ಧಾಂತ. ‘ಭ್ರಮೆ’ ಅನ್ನುವವರು ಈ ಅರ್ಧವನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ಈ ‘ಈಗ’ ಐನ್‌ಸ್ಟೈನ್‌ರನ್ನೂ ಕಾಡಿತ್ತು. ತತ್ವಜ್ಞಾನಿ ರುಡಾಲ್ಫ್ ಕಾರ್ನಾಪ್ ಜೊತೆ ಮಾತಾಡುತ್ತಾ ಇದನ್ನು ಹೇಳಿಕೊಂಡಿದ್ದರಂತೆ. ಮನುಷ್ಯನಿಗೆ ಈ ಕ್ಷಣ ಬೇರೆಲ್ಲ ಕ್ಷಣಗಳಿಗಿಂತ ಬೇರೆ, ಆ ವ್ಯತ್ಯಾಸ ಭೌತಶಾಸ್ತ್ರದೊಳಗೆ ಬರಲಾರದು, ಅದು ನೋವಿನ ಸಂಗತಿ ಅಂತ. ಉತ್ತರ ಸಿಕ್ಕಿದವರು ಆಡುವ ಮಾತಲ್ಲ ಇದು.

ಆ ಪತ್ರವನ್ನು ಮತ್ತೊಮ್ಮೆ ಓದಿದಾಗ, ಎಲ್ಲರೂ ಹಂಚುವ ಸಾಲಿಗಿಂತ ಮುಂಚಿನ ಸಾಲು ನನ್ನನ್ನು ತಡೆದು ನಿಲ್ಲಿಸಿತು. ಈ ವಿಚಿತ್ರ ಲೋಕದಿಂದ ಅವನು ನನಗಿಂತ ಸ್ವಲ್ಪ ಮುಂಚೆ ಹೊರಟ ಅಂತ ಬರೆದಿದ್ದಾರೆ. ‘ಮುಂಚೆ’ ಅಂತ. ಪತ್ರದ ತಾರೀಕು ಮಾರ್ಚ್ 21. ಐನ್‌ಸ್ಟೈನ್ ತೀರಿಕೊಂಡದ್ದು ಏಪ್ರಿಲ್ 18ಕ್ಕೆ.