ದುಬೈ ಕಟ್ಟಿದ್ದು ಬರೀ ಎಣ್ಣೆ ದುಡ್ಡಾ?

ವಾಟ್ಸಾಪ್‌ನಲ್ಲಿ ಎರಡು ಫೋಟೋ ಓಡಾಡುತ್ತಿರುತ್ತವೆ. ಒಂದರಲ್ಲಿ ಖಾಲಿ ಮರಳು, ಇನ್ನೊಂದರಲ್ಲಿ ಗಗನಚುಂಬಿ ಕಟ್ಟಡಗಳು. ಕೆಳಗೆ, ‘1990ರಲ್ಲಿ ದುಬೈನಲ್ಲಿ ಏನೂ ಇರಲಿಲ್ಲ, ಎಲ್ಲಾ ಎಣ್ಣೆಯ ಮಹಿಮೆ’ ಎಂಬ ಸಾಲು.

ಸತ್ಯಾಂಶ ಹಾಗಿಲ್ಲ. ದುಬೈ ಮೊದಲಿಂದಲೂ ಮುತ್ತಿನ ವ್ಯಾಪಾರದ ಬಂದರು. 1966ರವರೆಗೂ ಅಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ! ಎಣ್ಣೆ ಸಿಕ್ಕಿದ್ದೂ ಅದೇ ವರ್ಷ. ಆದರೆ ಹಡಗು ಬರಲೆಂದು ಖಾರಿಯ (ಊರೊಳಗೆ ಚಾಚಿದ ಕಡಲ ಕಾಲುವೆ) ಹೂಳು ತೆಗೆಸಿದ್ದು ಅದಕ್ಕೂ ಮುಂಚೆ, ಸಾಲ ಮಾಡಿ. 39 ಮಹಡಿಯ ವರ್ಲ್ಡ್ ಟ್ರೇಡ್ ಸೆಂಟರ್ 1979ರಲ್ಲೇ ಎದ್ದು ನಿಂತಿತ್ತು. ಅದೇ ವರ್ಷ ಜೆಬೆಲ್ ಅಲಿ ಬಂದರು, 1985ರಲ್ಲಿ ಎಮಿರೇಟ್ಸ್ ವಿಮಾನ ಮತ್ತು ತೆರಿಗೆ ವಿನಾಯಿತಿಯ ವಲಯ.

ಎಣ್ಣೆ ದುಡ್ಡು ನೆರವಾಗಿದ್ದು ನಿಜ, ಸುಮ್ನೆ ಅಲ್ಲಗಳೆಯಬಾರದು. ಆದರೆ ದುಬೈ ಸೇರಿರುವ ಯುಎಇ ದೇಶದ ಎಣ್ಣೆಯ ಬಹುಪಾಲು ಇರುವುದು ಪಕ್ಕದ ಸಂಸ್ಥಾನ ಅಬುಧಾಬಿಯಲ್ಲಿ. ದುಬೈಗೆ ಈಗ ವ್ಯಾಪಾರ, ಪ್ರವಾಸ, ಮನೆ ಮಾರಾಟದ್ದೇ ಜಾಸ್ತಿ ಆದಾಯ. 2002ರಲ್ಲಿ ವಿದೇಶಿಯರಿಗೂ ಮನೆ ಕೊಳ್ಳಲು ಬಿಟ್ಟ ಮೇಲಂತೂ ಕಟ್ಟಡಗಳು ನಾಯಿಕೊಡೆಯಂತೆ ಎದ್ದವು.

2009ರಲ್ಲಿ ಸಾಲ ಕುತ್ತಿಗೆಗೆ ಬಂದಾಗ ಕೈಹಿಡಿದದ್ದು ಅಬುಧಾಬಿ. ಮುಂದಿನ ಜನವರಿಯಲ್ಲಿ 828 ಮೀಟರ್ ಎತ್ತರದ ‘ಬುರ್ಜ್ ದುಬೈ’ ಉದ್ಘಾಟನೆಯ ದಿನವೇ ‘ಬುರ್ಜ್ ಖಲೀಫಾ’ ಆಯಿತು. ಖಲೀಫಾ ಯಾರು ಅಂತೀರಾ? ಆಗಿನ ಅಬುಧಾಬಿ ದೊರೆ.